ಕಡ್ಡಿಯ ಕಿವಿ

ಒಂದು ನಿಮಿಷ ಕೂತುಕೊಳ್ಳಿ, ಇದನ್ನು ಪೂರ್ತಿ ಕೇಳಿಸಿಕೊಂಡೇ ಎದ್ದು ಹೋಗಿ. ದನದ ಕಥೆ ಎಂದು ಈಗಲೇ ಮೂಗು ಮುರಿಯಬೇಡಿ. ದನ ಇದೆ, ಸಗಣಿಯೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕೇಳಿ ಮುಗಿದ ಮೇಲೆ ನಿಮ್ಮನ್ನೊಂದು ಮಾತು ಕೇಳುವುದಿದೆ.

ಅವಳನ್ನು ಆ ಶೆಡ್ಡಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಮೇವಿನ ಟ್ರ್ಯಾಕ್ಟರಿನವನಿಗೂ ಅಕ್ಕ, ಅವಳಿಗಿಂತ ಎಷ್ಟೋ ದೊಡ್ಡವನಾದ ಲಾರಿ ಡ್ರೈವರನಿಗೂ ಅಕ್ಕ. ನಿಜವಾಗಿ ಅವಳು ಅಕ್ಕನಾಗಿದ್ದುದು ಒಬ್ಬನಿಗೆ ಮಾತ್ರ. ತಾಯಿ ಹೋದಾಗ ಅವನಿನ್ನೂ ತೊದಲುತ್ತಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಕರುಗಳಿಗೆ ಹಾಲು ಕುಡಿಸಿದ್ದಳು. ಈಗ ಅವನು ಬಲಿತ ಕರುವಿನ ಕುತ್ತಿಗೆಯನ್ನು ಕಂಕುಳಲ್ಲಿ ಅದುಮಿ ನಿಲ್ಲಿಸುವ ಗಂಡಸು. ಮಾಡುವುದೆಲ್ಲ ಗಡಿಬಿಡಿ, ಹಾಗಾಗಿ ಹೆಸರೂ ಗಡಿಬಿಡಿ ಎಂದೇ ಬಿದ್ದಿತ್ತು.

ಶೆಡ್ಡು ಅಪ್ಪನದು. ಉದ್ದನೆಯ ತಗಡಿನ ಚಾವಣಿ, ಎರಡೂ ಕಡೆ ಸಿಮೆಂಟಿನ ಗೋದಲಿ, ನಡುವೆ ತಳ್ಳುಗಾಡಿ ಓಡಾಡುವಷ್ಟು ಜಾಗ. ಹಾಲು ಬಿಟ್ಟ ಎಳೆಗರುಗಳನ್ನು ತರುವುದು, ತಿನ್ನಿಸುವುದು, ಮೈ ತುಂಬಿದ ಮೇಲೆ ಲಾರಿ ಹತ್ತಿಸುವುದು, ಇಷ್ಟೇ ಅಲ್ಲಿನ ಕೆಲಸ. ಲಾರಿ ಹೋಗುವುದು ಮಾಂಸದ ಕಾರ್ಖಾನೆಗೆ. ಬೇಗ ಮೈ ತುಂಬಲಿ ಎಂದು ಪ್ರತಿ ಕರುವಿನ ಕಿವಿಯ ಹಿಂಬದಿಯಲ್ಲಿ, ಚರ್ಮದ ಕೆಳಗೆ, ಹಾರ್ಮೋನಿನ ಸಣ್ಣ ಗುಳಿಗೆಗಳನ್ನು ಸಾಲಾಗಿ ಇಡುತ್ತಾರೆ. ಶೆಡ್ಡಿನ ಮಾತಿನಲ್ಲಿ ಅದು ಕಾಳು. ಅದಕ್ಕೆ ದಪ್ಪ ಸೂಜಿಯ ಗನ್ನು ಇದೆ. ಕರುವಿನ ತಲೆಯಷ್ಟೇ ಹೊರಚಾಚುವ ಸರಳಿನ ಚೌಕಟ್ಟು, ಅದೇ ಕಟಕಟೆ; ಅಕ್ಕ ಅದರಲ್ಲಿ ತಲೆ ಬಿಗಿದು ಕಿವಿ ಹಿಡಿಯುತ್ತಾಳೆ, ತಮ್ಮ ಚುಚ್ಚಿ ಗುಂಡಿ ಒತ್ತುತ್ತಾನೆ. ಕಾಳು ನಿಧಾನವಾಗಿ ಕರಗುತ್ತದೆ. ಮೊದಲಿನಷ್ಟೇ ಮೇವು ತಿಂದ ಕರು ಮೊದಲಿಗಿಂತ ಹೆಚ್ಚು ಮಾಂಸ ಕಟ್ಟುತ್ತದೆ. ಕಿವಿಯೇ ಯಾಕೆ ಎಂದರೆ, ಕೊನೆಗೆ ಕಿವಿಯನ್ನು ಯಾರೂ ತಿನ್ನುವುದಿಲ್ಲ. ಕತ್ತರಿಸಿ ಎಸೆಯುತ್ತಾರೆ.

ಅಪ್ಪ ಹೆಚ್ಚು ಮಾತಿನವನಲ್ಲ, ಆದರೆ ಒಂದು ವಿಷಯದಲ್ಲಿ ಬಲು ಬಿಗಿ. ಈಯಲೆಂದು ಉಳಿಸಿಕೊಂಡ ಹೆಣ್ಣುಗರುವಿಗೆ ಕಾಳು ಮುಟ್ಟಿಸಬಾರದು. ಹಿಂದೊಮ್ಮೆ ಹಳೆಯ ಆಳೊಬ್ಬ ಕಣ್ತಪ್ಪಿ ಹಾಗೆ ಮಾಡಿದ್ದಕ್ಕೆ, "ಆ ಕೈ ಇನ್ನು ನನ್ನ ಶೆಡ್ಡಲ್ಲಿ ಬೇಡ" ಎಂದು ಅವತ್ತೇ ಗೇಟು ತೋರಿಸಿದ್ದ. ಆಳು ಅತ್ತ, ಕಾಲು ಹಿಡಿದ. ಅಪ್ಪ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ನಿಂತ.

ಇಂಥ ಶೆಡ್ಡಿನ ಒಂದು ಮೂಲೆ ಮಾತ್ರ ಅಕ್ಕನದು. ಅಲ್ಲಿ ಅವಳ ಸ್ವಂತದ ಹಸುಗಳಿದ್ದವು. ಇದ್ದವು ಎಂದರೆ, ಒಂದು ಕಾಲದಲ್ಲಿ. ಒಂದೊಂದಾಗಿ ಮುದಿಯಾಗಿ ಹೋಗಿ, ಕೊನೆಯದು ಈಯುವಾಗಲೇ ಕುಸಿದು, ಕಣ್ಣು ಮುಚ್ಚುವ ಮೊದಲು ಒಂದು ಹೆಣ್ಣುಗರುವನ್ನು ಬಿಟ್ಟು ಹೋಗಿತ್ತು. ಕರು ಎಂದರೆ ಅದೇನು ಕರು! ನಾಲ್ಕು ಕೋಲಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ ಹಾಗಿತ್ತು. ಹೆಸರು ತಾನಾಗಿ ಬಂತು: ಕಡ್ಡಿ.

"ನೋಡು," ಎಂದಿದ್ದ ಅಪ್ಪ, "ಒಂದು ಕರುಗೋಸ್ಕರ ಅಷ್ಟು ಜಾಗ ಖಾಲಿ ಬಿಡೋಕಾಗಲ್ಲ. ಇದು ಬೆಳೆದು ಗಬ್ಬ ನಿಂತ್ರೆ ಮೂಲೆ ನಿನ್ನದು, ನಾನು ಬಾಯಿ ಹಾಕಲ್ಲ. ನಿಲ್ಲಲಿಲ್ಲ ಅಂದ್ರೆ ಅಲ್ಲೂ ಲಾರಿ ಕರು ಕಟ್ತೀವಿ. ಆಮೇಲೆ ಅಳಬಾರದು."

"ನಿಲ್ಲುತ್ತೆ," ಎಂದಳು ಅಕ್ಕ. "ನನ್ನ ಹಸುಗಳು ಯಾವತ್ತೂ ಕೈಕೊಟ್ಟಿಲ್ಲ."

ಹೇಳಿದಳೇನೋ ನಿಜ. ಆದರೆ ಕಡ್ಡಿ ಕಡ್ಡಿಯಾಗಿಯೇ ಉಳಿಯಿತು. ಬಾಟಲಿ ಹಿಡಿದು ಕೂತರೆ ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿತ್ತು. ಪಕ್ಕದ ಲಾರಿ ಕರುಗಳು ಉಬ್ಬಿದ ಹಿಟ್ಟಿನಂತೆ ಏರುತ್ತಿದ್ದರೆ ಇದರ ಪಕ್ಕೆಲುಬು ಎಣಿಸಬಹುದಿತ್ತು. ಪಕ್ಕದ ಶೆಡ್ಡಿನ ಯಜಮಾನ ಮೀಸೆ ಮಾವ ಬಂದಾಗಲೆಲ್ಲ ಗೇಟಿನ ಮೇಲೆ ಮೊಣಕೈ ಊರಿ, "ಏನಮ್ಮ, ಇದು ಕರುನೋ ಮೇಕೆನೋ? ಗಾಳಿ ಬಂದ ದಿನ ಕಟ್ಟಿಹಾಕು, ಹಾರಿಹೋದೀತು" ಎನ್ನುತ್ತಿದ್ದ. ಅಕ್ಕ ನಕ್ಕಂತೆ ಮಾಡಿ ಹಿಂಡಿ ಕೋಣೆಗೆ ಹೋಗಿ, ಚೀಲಗಳ ನಡುವೆ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಒಂದು ಸಲ ತಮ್ಮ ಅದನ್ನು ನೋಡಿದ. ಬಾಗಿಲಲ್ಲೇ ನಿಂತ, ತಲೆ ಕೆರೆದುಕೊಂಡ, ಹೊರಟುಹೋದ.

ಅದಾದ ಸ್ವಲ್ಪ ದಿನಕ್ಕೆ ಅದೇನಾಯಿತೋ, ಕಡ್ಡಿ ತಿನ್ನಲು ಶುರುಮಾಡಿತು. ತಿಂದದ್ದು ಮೈಗೆ ಹತ್ತಿತು. ಪಕ್ಕೆಲುಬು ಮುಚ್ಚಿಕೊಂಡವು, ಬೆನ್ನು ಹಲಗೆಯಾಯಿತು, ತೊಡೆ ತುಂಬಿತು, ಕೂದಲು ಎಣ್ಣೆ ಹಚ್ಚಿದಂತೆ ಮಿರುಗಿತು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಬಂದವರಿಗೆಲ್ಲ ಕರೆದು ಕರೆದು ತೋರಿಸಿದಳು. ತಾನು ಹಾಲನ್ನು ಮೈ ಬಿಸಿಗೆ ಸರಿಯಾಗಿ ಕಾಯಿಸಿದ್ದು, ಬೆರಳು ಚೀಪಿಸಿ ಚೀಪಿಸಿ ಕುಡಿಸಿದ್ದು, ಅದರ ಬೆನ್ನು ಉಜ್ಜುತ್ತ ಹಾಡಿಕೊಂಡಿದ್ದು, ಎಲ್ಲವನ್ನೂ ಹೇಳಿದಳು.

"ಕೈಗುಣ ಅಂದ್ರೆ ಇದು," ಎಂದ ಮೀಸೆ ಮಾವ, ಈ ಸಲ ಗೇಟು ದಾಟಿ ಒಳಗೇ ಬಂದು. "ಇನ್ಮೇಲೆ ಕಡ್ಡಿ ಅನ್ಬೇಡ್ರಪ್ಪ, ದಿಮ್ಮಿ ಅನ್ನಿ! ಏನು ಹಾಕಿದ್ಯಮ್ಮ ಇದಕ್ಕೆ?"

"ಪ್ರೀತಿ ಮಾವ, ಪ್ರೀತಿ," ಎಂದಳು ಅಕ್ಕ. "ನಿಮ್ಮ ಕರುಗಳಿಗೂ ಸ್ವಲ್ಪ ಹಾಕಿ ನೋಡಿ."

"ನಮ್ಮ ಮನೇಲಿ ಅದರ ಸ್ಟಾಕ್ ಇಲ್ಲ ಕಣಮ್ಮ. ಇದ್ದಿದ್ದನ್ನೆಲ್ಲ ನಿಮ್ಮತ್ತೆ ಬೆಕ್ಕಿಗೆ ಹಾಕಿಬಿಟ್ಳು."

ಎಲ್ಲರೂ ನಕ್ಕರು. ತಮ್ಮನೂ ನಕ್ಕ, ಒಂದು ಗಳಿಗೆ ತಡವಾಗಿ. ಸಲಿಕೆ ಹಿಡಿದು ಸಗಣಿ ಬಾಚುವುದಕ್ಕೆ ಹೋದ.

ಇಲ್ಲೊಂದು ಮಾತು ಹೇಳಬೇಕು. ಅಕ್ಕ ದಿನವಿಡೀ ಕರುಗಳ ಕಿವಿ ಹಿಡಿಯುವವಳು. ಕಿವಿ ಹಿಡಿಸಿಕೊಂಡ ಕರು ಮನುಷ್ಯರ ಕೈ ಕಂಡರೆ ತಲೆ ಒದರುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಕಡ್ಡಿಯ ಹಣೆ ತುರಿಸುತ್ತಿದ್ದಳು, ಗಂಟಲಿನ ಜೋಲು ಚರ್ಮ ನೀವುತ್ತಿದ್ದಳು, ಬಾಲದ ಬುಡ ಕೆರೆಯುತ್ತಿದ್ದಳು. ಕಿವಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಕೆಲಸದ ಹಿಡಿತ. ಮನೆಮಗಳನ್ನು ಯಾರಾದರೂ ಹಾಗೆ ಹಿಡಿಯುತ್ತಾರೆಯೇ?

ಕಡ್ಡಿಯ ಮೊಲೆಗಳು ಹೊತ್ತಿಗೆ ಮುಂಚೆಯೇ ಉದ್ದವಾದವು. ಹಾಲಿನ ತಳಿ, ಈಗಲೇ ಹೇಗೆ ಕಾಣಿಸಿಕೊಳ್ಳುತ್ತಿದೆ ನೋಡಿ ಎಂದಳು ಅಕ್ಕ. ಬಾಲದ ಬುಡ ಗೂನಿನಂತೆ ಎದ್ದಿತು. ಇದರ ಅಜ್ಜಿಗೂ ಹೀಗೇ ಇತ್ತು ಎಂದು ನೆನಪಿಸಿಕೊಂಡಳು. ಇರಲಿಲ್ಲ, ಆದರೂ ನೆನಪಿಗೆ ಬಂತು. ಬೇರೆ ಕರುಗಳ ಮೇಲೆ ಹಾರತೊಡಗಿದಾಗಲಂತೂ, ಬೇಗನೇ ಬೆದೆಗೆ ಬಂದಿತೆಂದು ಅಪ್ಪನನ್ನು ಕೂಗಿ ಕರೆದಳು. ಕುತ್ತಿಗೆ ಹೋರಿಯದರಂತೆ ದಪ್ಪವಾಯಿತು. ಅದಕ್ಕೂ ಒಂದು ಒಳ್ಳೆಯ ಅರ್ಥ ಹುಡುಕಿದಳು. ಅವಳು ಹೀಗೆ ಒಂದೊಂದೇ ಹೇಳಿಕೊಂಡು ಸಂಭ್ರಮಿಸುವಾಗ ತಮ್ಮ ಪಕ್ಕದಲ್ಲೇ ಇರುತ್ತಿದ್ದ. ಮೈ ಏರುವುದು ನಡುವೆ ಸ್ವಲ್ಪ ನಿಂತು, ಅಕ್ಕನ ಮುಖ ಮತ್ತೆ ಸಣ್ಣಗಾಗುವಷ್ಟರಲ್ಲಿ, ಕಡ್ಡಿ ಮತ್ತೆ ಏರಿತು. ಆದರೆ ಒಂದು ವಿಚಿತ್ರ ಅಪ್ಪನ ಕಣ್ಣಿಗೆ ಬಿತ್ತು: ಅಗಲವಾಗುತ್ತಿದೆ, ಎತ್ತರವಾಗುತ್ತಿಲ್ಲ.

ಹೋರಿ ಬಿಟ್ಟು ನೋಡಿದರು. ಹೋರಿ ಮೂಸಿ ನೋಡಿ, ಬೇಸರದಿಂದ ಮೇವಿನ ಕಡೆ ನಡೆಯಿತು. ಮತ್ತೆ ಬಿಟ್ಟರು, ಮತ್ತೆ ಹಾಗೇ. ಕೊನೆಗೆ ಅಪ್ಪ, "ಡಾಕ್ಟರಮ್ಮನ್ನ ಕರೆಸು, ಇನ್ನು ಕಾಯೋದು ಬೇಡ" ಎಂದು ಊಟದ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ.

ಡಾಕ್ಟರಮ್ಮ ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ತೊಟ್ಟು ಕಡ್ಡಿಯ ಹಿಂದೆ ನಿಂತಾಗ ಅಪ್ಪ ಮನೆಯ ಕಡೆ ಇದ್ದ. ಅಕ್ಕ ಕಡ್ಡಿಯ ತಲೆಯ ಹತ್ತಿರ ನಿಂತು, "ಸುಮ್ನಿರು ಚಿನ್ನ, ಆಯ್ತು, ಆಯ್ತು" ಎನ್ನುತ್ತಿದ್ದಳು. ಡಾಕ್ಟರಮ್ಮ ಒಳಗೆ ಹುಡುಕಿದರು. ಮತ್ತೆ ಹುಡುಕಿದರು. ಕಣ್ಣು ಮುಚ್ಚಿಕೊಂಡರು.

"ಗರ್ಭಕೋಶ ಎಳೆಗರುದು ಇದ್ದ ಹಾಗಿದೆ. ಬೆಳೆದೇ ಇಲ್ಲ," ಎಂದರು ಕೈ ಹೊರತೆಗೆಯುತ್ತ. "ಅಂಡಾಶಯ ಕೈಗೆ ಸಿಗೋದೇ ಕಷ್ಟ. ಇದಕ್ಕೆ ಕಾಳು ಹಾಕಿದ್ರಾ?"

"ಕಾಳಾ?" ಅಕ್ಕನ ದನಿ ಏರಿತು. "ಏನು ಡಾಕ್ಟರಮ್ಮ ನೀವು? ಉಳಿಸ್ಕೊಳ್ಳೋ ಕರುಗೆ ಯಾರಾದ್ರೂ ಕಾಳು ಹಾಕ್ತಾರಾ? ಕೈಯಾರೆ ಬಾಟಲಿ ಹಾಲು ಕುಡಿಸಿ ಬೆಳೆಸಿದೀನಿ ಇದನ್ನ!"

ಡಾಕ್ಟರಮ್ಮ ವಾದಕ್ಕಿಳಿಯಲಿಲ್ಲ. ಮುಂದೆ ಬಂದು, ಅಕ್ಕನ ಕೈ ಹಿಡಿದು, ಅವಳ ಹೆಬ್ಬೆರಳನ್ನು ಕಡ್ಡಿಯ ಕಿವಿಯ ಹಿಂಬದಿಗೆ ಒತ್ತಿದರು. ಕಡ್ಡಿ ತಲೆ ಒದರಿತು. ಕಟಕಟೆಯ ಕರುಗಳು ಒದರುತ್ತವಲ್ಲ, ಥೇಟ್ ಹಾಗೆ. ಬೆರಳಿಗೆ ಚರ್ಮದ ಕೆಳಗೆ ಮಣಿ ಪೋಣಿಸಿದಂಥ ಸಾಲು ಹತ್ತಿತು. ಈ ಸಾಲನ್ನು ಅವಳು ಎಷ್ಟು ಕಿವಿಗಳಲ್ಲಿ ಸವರಿ, ಸರಿಯಾಗಿ ಕೂತಿದೆ ಎಂದು ತಮ್ಮನಿಗೆ ಹೇಳಿದ್ದಾಳೋ ಲೆಕ್ಕವಿಲ್ಲ. ಇನ್ನೊಂದು ಕಿವಿಯನ್ನು ತಾನೇ ಹಿಡಿದು ನೋಡಿದಳು. ಅಲ್ಲಿ ಹಳೆಯ ಗಂಟು.

"ಎರಡು ಸಲ," ಎಂದರು ಡಾಕ್ಟರಮ್ಮ. "ಮೊದಲ್ನೇದು ತೀರಾ ಎಳೇದಿದ್ದಾಗ್ಲೇ ಹಾಕಿರ್ಬೇಕು. ಅಷ್ಟು ಎಳೇ ಮೈಗೆ ಅದು ಹೋದ್ರೆ, ಮೈ ನಾನು ದೊಡ್ಡೋಳಾದೆ ಅಂದ್ಕೊಳ್ಳುತ್ತೆ. ಮಾಂಸ ಕಟ್ಟುತ್ತೆ, ಎಲುಬಿನ ಬೆಳವಣಿಗೆ ಬೇಗ ನಿಂತುಹೋಗುತ್ತೆ. ಗರ್ಭಕೋಶ ಬೆಳೀಬೇಕಾದ ಹೊತ್ತಲ್ಲಿ ಬೆಳೆಯಲ್ಲ. ಆಮೇಲೆ ಏನು ಮಾಡಿದ್ರೂ ವಾಪಸ್ ಬರಲ್ಲ."

ಆ ಹೊತ್ತಿಗೆ ತಮ್ಮ ಕೈ ತೊಳೆಯಲು ಬಿಸಿನೀರಿನ ಬಕೆಟ್ ತಂದ. ಅಕ್ಕನ ಬೆರಳು ಎಲ್ಲಿದೆ ಎಂದು ನೋಡಿದ. ಬಕೆಟ್ ಕೆಳಗಿಟ್ಟ, ನೀರು ತುಳುಕಿ ಅವನ ಚಪ್ಪಲಿ ನೆನೆಯಿತು. ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಬಕೆಟ್ ತಾವೇ ಎತ್ತಿಕೊಂಡು ಆಚೆ ನಲ್ಲಿಯ ಹತ್ತಿರ ಹೋದರು.

"ಯಾವಾಗ?" ಎಂದಳು ಅಕ್ಕ.

"ನೀನು ಹಾಲಿನ ಪುಡಿ ತರೋಕೆ ಪೇಟೆಗೆ ಹೋಗಿದ್ದಾಗ." ಅವನು ನೆಲ ನೋಡುತ್ತ ಹೇಳಿದ. "ನೀನು ಹಿಂಡಿ ಕೋಣೇಲಿ ಅಳ್ತಿದ್ದೆ ಅಕ್ಕ. ಸತ್ತುಹೋಗುತ್ತೇನೋ ಅನ್ನಿಸ್ತು. ಒಂದ್ಸಲ ಹಾಕಿದ್ರೆ ಏನಾಗುತ್ತೆ, ಸ್ವಲ್ಪ ಚೇತರಿಸ್ಕೊಳ್ಳಲಿ ಅಂತ..."

"ಎರಡನೇ ಸಲ?"

"ನೀನು ಅಷ್ಟು ಖುಷಿಯಾಗಿದ್ದೆ. ಮತ್ತೆ ಇಳಿದುಹೋಗುತ್ತೇನೋ ಅಂತ ಭಯ ಆಯ್ತು."

"ನಾನು ಊರಿಗೆಲ್ಲ ಪ್ರೀತಿ, ಪ್ರೀತಿ ಅಂತ ಕುಣೀತಿದ್ನಲ್ಲೋ. ಪಕ್ಕದಲ್ಲೇ ನಿಂತು ನೋಡ್ತಿದ್ಯಲ್ಲೋ!"

"ಹೇಳೋಣ ಅಂತ ಎಷ್ಟೋ ಸಲ ಬಂದೆ. ಬಾಯಿ ತೆಗೆಯೋಷ್ಟರಲ್ಲಿ ನೀನು ಇನ್ನೊಬ್ಬರನ್ನ ಕರ್ಕೊಂಡು ಬಂದು ತೋರಿಸ್ತಿದ್ದೆ." ಮೂಗನ್ನು ತೋಳಿಗೆ ಒರೆಸಿಕೊಂಡ, ಚಿಕ್ಕವನಿದ್ದಾಗ ಒರೆಸಿಕೊಳ್ಳುತ್ತಿದ್ದಂತೆಯೇ. "ಅಪ್ಪಂಗೆ ಹೇಳ್ತೀಯಾ? ಅಪ್ಪ ನನ್ನ ಇಟ್ಕೊಳ್ಳಲ್ಲ ಅಕ್ಕ. ಆ ಆಳಿಗೆ ಏನು ಮಾಡ್ದ ನೋಡಿದ್ಯಲ್ಲ. ನಂಗೆ ಇದು ಬಿಟ್ಟು ಬೇರೆ ಏನು ಬರುತ್ತೆ?"

ಹೊಡೆಯಬೇಕೆಂದು ಅವಳ ಕೈ ಮೇಲೆದ್ದಿತು. ಎತ್ತಿದ ಕೈ ಅವನ ಅಂಗಿಯ ಮೇಲಿದ್ದ ಹುಲ್ಲು ಕೊಡವಿತು. ಕೈ ಹಾಗೇಕೆ ಮಾಡಿತೋ ಅವಳಿಗೇ ತಿಳಿಯಲಿಲ್ಲ. "ಹೋಗು," ಎಂದಳು. "ಮುಖ ತೊಳ್ಕೋ."

ನಲ್ಲಿಯ ಹತ್ತಿರ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಿದ್ದರು. "ನಿಮ್ಮಪ್ಪ ಬರ್ತಿದಾರೆ. ಏನು ಹೇಳ್ಲಿ?"

"ಹುಟ್ಟಿನಿಂದಲೇ ಹಿಂಗೆ ಅಂತ ಹೇಳಿ. ಹಂಗೆ ಇರೋದೂ ಉಂಟಲ್ಲ?"

"ಉಂಟು. ಆದ್ರೆ ಇದು ಅದಲ್ಲ." ಡಾಕ್ಟರಮ್ಮ ಟವೆಲ್ಲನ್ನು ಬ್ಯಾಗಿಗೆ ತುರುಕಿದರು. "ನೀವು ಹೇಳಿದ್ರಿ ಅಂತ ಹೇಳ್ತೀನಿ, ನಿಮ್ಮ ಮನೆ ವಿಷಯ. ಆದ್ರೆ ನೋಡಿ, ಇವತ್ತೊಂದು ನಾಳೆ ಒಂದು ಹೇಳೋಕೆ ನನ್ನ ಕೈಲಾಗಲ್ಲ. ಒಂದ್ಸಲ ಹೇಳಿದ್ರೆ ಅದೇ ಕೊನೆ."

"ಒಂದೇ ಸಲ ಸಾಕು," ಎಂದಳು ಅಕ್ಕ.

ಅಪ್ಪ ಕೇಳಿಸಿಕೊಂಡ. ಬಯ್ಯಲಿಲ್ಲ, ಅದೇ ಕಷ್ಟವಾಗಿದ್ದು. ಅವಳ ತಲೆಯ ಮೇಲೆ ಕೈಯಿಟ್ಟು, "ನಿನ್ನ ತಪ್ಪೇನಿಲ್ಲ ಬಿಡು ಮಗಳೇ. ತಳೀನೇ ಮುಗೀತು ಅಂತ ಕಾಣುತ್ತೆ," ಎಂದ. ಮುಂದಿನ ಲಾರಿಗೆ ಕಡ್ಡಿ ಹತ್ತಿತು. ಹತ್ತಿಸುವುದು ಕಷ್ಟವೇನೂ ಆಗಲಿಲ್ಲ. ಅಕ್ಕ ಮುಂದೆ ನಡೆದಳು, ಅದು ಅವಳ ಅಂಗೈ ನೆಕ್ಕುತ್ತ ಹಿಂದೆಯೇ ನಡೆಯಿತು. ಡ್ರೈವರ್ ಮೆಚ್ಚಿಕೊಂಡು, "ಇಂಥ ಮಾಲು ಅಪರೂಪ ಅಕ್ಕ," ಎಂದ.

ಮೂಲೆಯ ಹಳೆಯ ಗೋದಲಿ ಒಡೆದು ಹೊಸ ಸರಳು ಕೂರಿಸಿದ್ದು ತಮ್ಮನೇ. ಮೊದಲೆರಡು ದಿನ ತಲೆ ತಗ್ಗಿಸಿಕೊಂಡು ಕೆಲಸ ಮಾಡಿದ. ಆಮೇಲೆ ಶಿಳ್ಳೆ ಶುರುವಾಯಿತು. ಶಿಳ್ಳೆ ಕೇಳಿ ಅಕ್ಕ ತಳ್ಳುಗಾಡಿ ನಿಲ್ಲಿಸಿ ಅವನ ಬೆನ್ನನ್ನೇ ನೋಡಿದಳು. ಬೇಕೆಂದು ಮಾಡುತ್ತಿಲ್ಲ ಪಾಪ. ಮರೆತುಬಿಟ್ಟಿದ್ದಾನೆ, ಅಷ್ಟೇ. ಅಕ್ಕ ಕ್ಷಮಿಸಿದಳು ಎಂದರೆ ಅವನ ಪಾಲಿಗೆ ಅದು ನಡೆದೇ ಇಲ್ಲ. ಚಿಕ್ಕಂದಿನಿಂದ ಹಾಗೇ ಅಲ್ಲವೇ, ಅವನು ಒಡೆಯುವುದು, ಅವಳು ಗುಡಿಸುವುದು.

ಮೀಸೆ ಮಾವ ಮಧ್ಯಾಹ್ನ ಊಟದ ಹೊತ್ತಿಗೆ ಬಂದ ದಿನ ಅಡುಗೆಮನೆಯ ಮೇಜಿನ ಸುತ್ತ ಎಲ್ಲರೂ ಇದ್ದರು. ಮಾವ ತಟ್ಟೆ ಎಳೆದುಕೊಳ್ಳುತ್ತ, "ಎಲ್ಲಿ ಹೋಯ್ತಮ್ಮ ನಿನ್ನ ದಿಮ್ಮಿ? ಮೂಲೆ ಖಾಲಿ ಇದೆ" ಎಂದು ಕೇಳಿದ.

ಉತ್ತರ ಕೊಟ್ಟವನು ತಮ್ಮ, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ಅದಾ? ಬಂಜೆ ತಳಿ ಮಾವ. ಅಕ್ಕ ಪಾಪ ಸುಮ್ನೆ ಪ್ರಾಣ ತೇದ್ಳು. ತಳಿ ಸರಿ ಇಲ್ಲ ಅಂದ್ರೆ ಕೈಗುಣ ಏನು ಮಾಡುತ್ತೆ?"

ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯಂಚಿಗೆ ಬಡಿಯಿತು.

"ನೀನು ಹಾಕಿದ್ದು," ಎಂದಳು. ದನಿ ಅವಳದೇ ಅಲ್ಲವೆನ್ನುವಂತಿತ್ತು. "ಅದರ ಕಿವಿಗೆ ಕಾಳು ಹಾಕಿದ್ದು ನೀನು. ಎರಡೂ ಕಿವಿಗೆ. ಅಪ್ಪಾ, ಇವನು ಹಾಕ್ದ. ನನ್ನ ಹಸುಗಳು ಬಂಜೆ ಅಲ್ಲ."

ತಮ್ಮ ಅಕ್ಕನನ್ನು ನೋಡಿದ, ಅಪ್ಪನನ್ನು ನೋಡಿದ. ಬಾಯಿಯ ತುತ್ತು ನುಂಗಿದ. ಆಮೇಲೆ, ಹೇಳಬೇಕೆಂದರೆ ಹೊಟ್ಟೆ ಉರಿಯುತ್ತದೆ, ತುಂಬ ಮೆತ್ತಗೆ, ತುಂಬ ಪ್ರೀತಿಯಿಂದ ಹೇಳಿದ: "ಅಕ್ಕಂಗೆ ಇನ್ನೂ ಸಂಕಟ ಹೋಗಿಲ್ಲ ಅಪ್ಪ. ಏನೋ ಅಂತಾಳೆ, ಅನ್ಲಿ ಬಿಡು."

"ಕಾಳು ಇತ್ತು, ನನ್ನ ಬೆರಳಿಗೆ ಸಿಕ್ತು!"

"ಎಲ್ಲಿದೆಯಮ್ಮ ಆ ಕಿವಿ ಈಗ?" ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಲಾರಿ ಹತ್ತಿಸಿದ್ದು ನೀನೇ. ಡಾಕ್ಟರಮ್ಮ ನನ್ನೆದುರಿಗೇ ಹೇಳಿದ್ರು ಹುಟ್ಟಿನಿಂದ ಹಂಗೇ ಅಂತ. ಅವರು ಸುಳ್ಳು ಹೇಳ್ತಾರಾ? ಇವನು ಹಾಕಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಇವನನ್ನು ಉಳಿಸಲು ನಾನೇ ಹಾಗೆ ಹೇಳಿಸಿದೆ ಎಂದರೆ ಯಾರು ನಂಬುತ್ತಾರೆ? ಈಗ ತಾನೇ ಮುಳುಗಿಸಲು ನಿಂತವಳು ಅವಳೇ. ಮೀಸೆ ಮಾವ ಮೀಸೆ ಒರೆಸಿಕೊಳ್ಳುತ್ತ, "ಹೋಗ್ಲಿ ಬಿಡಮ್ಮ, ಒಡಹುಟ್ಟಿದವನ ಮೇಲೆ ಹಂಗೆಲ್ಲ ಹೊರಿಸ್ಬಾರದು," ಎಂದು ಬುದ್ಧಿ ಹೇಳಿದ. ತಮ್ಮ ಎದ್ದು ಅವಳಿಗೊಂದು ಲೋಟ ನೀರು ತಂದುಕೊಟ್ಟ.

ಮಾರನೆಯ ಬೆಳಿಗ್ಗೆ ಹೊಸ ಕರುಗಳು ಬಂದಿದ್ದವು. ಅವಳ ಮೂಲೆಯಲ್ಲೂ ಅವೇ ತುಂಬಿದ್ದವು, ಒಂದರ ಮೇಲೊಂದು ಬೀಳುತ್ತ ತಾಯಿಗಾಗಿ ಕೂಗುತ್ತಿದ್ದವು. ತಮ್ಮ ಗನ್ನಿಗೆ ಕಾಳು ತುಂಬಿಸಿಕೊಂಡು ಕಟಕಟೆಯ ಪಕ್ಕ ನಿಂತಿದ್ದ. ಮೊದಲ ಕರು ತಲೆ ತೂರಿಸಿತು. ಹಗ್ಗದ ಹಾಗೆ ಸಣಕಲು, ದೊಡ್ಡ ಕಣ್ಣಿನ ಹೆಣ್ಣುಗರು.

"ಹಿಡಿ ಅಕ್ಕ," ಎಂದ ಅವನು. "ಲೇಟಾಗ್ತಿದೆ."

ಅವಳು ಆ ಕರುವನ್ನು ನೋಡಿದಳು, ಅವನನ್ನು ನೋಡಿದಳು. ಅಪ್ಪ ದೂರದಲ್ಲಿ ನಿಂತು ಇತ್ತಲೇ ನೋಡುತ್ತಿದ್ದ. ಗೇಟು ತೆರೆದೇ ಇತ್ತು, ಹೊರಗೆ ರಸ್ತೆಯೂ ಇತ್ತು. ಅವಳು ಕೈ ಚಾಚಿ ಕಿವಿ ಹಿಡಿದಳು, ಬಿಗಿಯಾಗಿ, ಕರು ತಲೆ ಒದರದ ಹಾಗೆ.

ಅಲ್ಲ, ನೀವೇ ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?